ಮಗ್ಗಿ ಮರೆತ ಗಣಿತದ ಮೇಡಮ್ಮು

ಅಕ್ಕನ ಬಲಗೈಯ ಮೂರು ಬೆರಳುಗಳ ತುದಿ ಸದಾ ಬಿರಿದಿರುತ್ತಿತ್ತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಅಲ್ಲಿನ ಚರ್ಮ ಒಣಗಿ, ನೀರು ನಿಲ್ಲಿಸಿದ ಗದ್ದೆಯ ಹಾಗೆ ಸೀಳಿಕೊಂಡಿತ್ತು. ಊಟವಾದ ಮೇಲೆ ಗೋಡೆಗೆ ಒರಗಿ ಕೂತು ಒಂದೊಂದು ಬಿರುಕಿಗೂ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಉರೀತದಾ ಅಕ್ಕ?" ಎಂದು ಕೇಳಿದರೆ, "ಮುದ್ದೆ ಮುರಿಯೋವಾಗ ಒಸಿ ಉರೀತದೆ. ನಾಳೆ ಸಾರಿಗೆ ಕಾರ ಕಮ್ಮಿ ಹಾಕು, ಅಷ್ಟೆ" ಎನ್ನುತ್ತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪಾಂಡವಪುರದ ಒಂದು ಹೈಸ್ಕೂಲಿಗೆ ಕನ್ನಡ ಹೇಳಿಕೊಡಲು ಸೇರಿದಾಗ ಅಲ್ಲಿ ಗಣಿತ ಕಲಿಸುತ್ತಿದ್ದವರು. ನಾನು ನಾಗಮಂಗಲದ ಅಕ್ಕಸಾಲಿಗರ ಮನೆಯ ಹುಡುಗಿ. ಕೆಲಸಕ್ಕೆ ಸೇರಿಸಲು ಬಂದ ಅಪ್ಪ, ಮಗಳನ್ನು ಒಬ್ಬಳೇ ಬಾಡಿಗೆ ಮನೆಯಲ್ಲಿ ಬಿಡುವುದು ಹೇಗೆಂದು ಗೊತ್ತಾಗದೆ, ಟ್ರಂಕಿನ ಪಕ್ಕದಲ್ಲಿ ಸ್ಕೂಲಿನ ವರಾಂಡದಲ್ಲೇ ನಿಂತುಬಿಟ್ಟಿದ್ದರು. ಕುಳ್ಳಗೆ, ದಪ್ಪಗೆ, ತಲೆಗೂದಲನ್ನು ಬಿಗಿಯಾಗಿ ಗಂಟುಹಾಕಿಕೊಂಡ ಹೆಂಗಸೊಬ್ಬರು ತರಗತಿ ಮುಗಿಸಿ ಹೊರಬಂದು, ಅಪ್ಪನನ್ನೂ ಟ್ರಂಕನ್ನೂ ನೋಡಿದರು. "ನಮ್ಮನೇಲಿ ಒಂದು ಕೋಣೆ ಖಾಲಿ ಅದೆ. ನನ್ನ ತಂಗಿ ಅಂತ ನೋಡ್ಕತೀನಿ, ನೀವು ಮಧ್ಯಾಹ್ನದ ಬಸ್ಸಿಗೆ ಹೊರಡಿ" ಎಂದರು. ಅಪ್ಪ ಮಧ್ಯಾಹ್ನದ ಬಸ್ಸಿಗೆ ಹೊರಟರು. ಅಂದಿನಿಂದ ಅವರು ನನಗೆ ಅಕ್ಕ.

ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಕ್ಕನ ಊರು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಯ ಆಚೆ, ಹೇಮಾವತಿ ಹೊಳೆಯ ದಡದಲ್ಲಿ. ಬೇಸಾಯದ ಮನೆ. ಹದಿನಾರಕ್ಕೆ ಮದುವೆ ಮಾಡಿದ್ದರಂತೆ. ಎರಡು ವರ್ಷ ತುಂಬುವುದರೊಳಗೆ ಗಂಡ ಜ್ವರ ಬಂದು ತೀರಿಕೊಂಡಿದ್ದ. ಅವರ ಅಣ್ಣ ಹೋಗಿ ತಂಗಿಯನ್ನು ಕರೆತಂದು, ನೆಂಟರಿಷ್ಟರ ಮಾತಿಗೆ ಕಿವಿಗೊಡದೆ ಮೈಸೂರಿನ ಹಾಸ್ಟೆಲ್ಲಿಗೆ ಬಿಟ್ಟು ಓದಿಸಿದ್ದ. ಈ ಕಥೆಯನ್ನು ಅಕ್ಕ ನನಗೆ ಒಂದೇ ಸಲ, ಅವರೆಕಾಯಿ ಬಿಡಿಸುತ್ತಾ ಹೇಳಿದ್ದರು. ಹೇಳಿ ಮುಗಿಸಿ, "ಅಣ್ಣಂಗೆ ಸೈನ್ ಆಕೋಕೂ ಬರಲ್ಲ. ನನ್ನ ಬಿಎಸ್ಸಿ ಮಾಡ್ಸುದ್ನಲ್ಲ, ಅದು ಅವನ ಲೆಕ್ಕ" ಎಂದಿದ್ದರು.

ಸ್ಕೂಲಿನಲ್ಲಿ ಅವರ ಹೆಸರು ಹೇಳುವವರೇ ಇರಲಿಲ್ಲ. ಮಕ್ಕಳಿಗೂ, ಮಕ್ಕಳ ಅಪ್ಪ ಅಮ್ಮಂದಿರಿಗೂ, ಬಸ್ಸಿನ ಕಂಡಕ್ಟರಿಗೂ ಅವರು ಗಣಿತದ ಮೇಡಮ್ಮು. ಎಂಟನೇ ಕ್ಲಾಸಾಗಲಿ ಹತ್ತನೇ ಕ್ಲಾಸಾಗಲಿ, ಪಾಠ ಶುರುವಾಗುವ ಮುಂಚೆ ಮಗ್ಗಿ ಹೇಳಿಸಲೇಬೇಕು. ಒಂದು ಮಗು ತಡವರಿಸಿದರೆ ಬೆಂಚಿನ ಮೇಲೆ ನಿಲ್ಲಬೇಕು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆದರೆ ಮಗ್ಗಿ ಬರುವ ತನಕ ಆ ಮಗು ನಿಂತೇ ಇರಬೇಕು, ಗಂಟೆ ಹೊಡೆದರೂ. ಪಕ್ಕದ ಕೋಣೆಯಲ್ಲಿ ಪದ್ಯ ಓದಿಸುತ್ತಿದ್ದ ನನಗೆ ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಎಷ್ಟೋ ಸಲ ನನ್ನ ತರಗತಿಯ ಮಕ್ಕಳು ಷಟ್ಪದಿಯನ್ನು ಏಳರ ಮಗ್ಗಿಯ ಧಾಟಿಯಲ್ಲಿ ಓದಿ ನನ್ನನ್ನು ನಗಿಸಿದ್ದುಂಟು.

ನನಗೆ ಲೆಕ್ಕವೆಂದರೆ ಚಿಕ್ಕಂದಿನಿಂದ ಜ್ವರ. ಅದನ್ನು ಹೇಳಿಕೊಂಡಾಗ ಅಕ್ಕ ಅಂದರು: "ಲೆಕ್ಕ ಬರ್ದೇ ಇರೋರು ಯಾರೂ ಇಲ್ಲ ಕಣಮ್ಮಿ. ಎದುರ್ಕೊಂಡಿರೋರು ಅವ್ರೆ, ಅಷ್ಟೆ."

"ನೀವು ಹೆದರಲೇ ಇಲ್ವಾ?"

"ನಂಗೆ ಸ್ಕೂಲಲ್ಲಿ ಕಲಿಸಿದ್ರೆ ಎದುರ್ಕೋತಿದ್ದೆ. ನಾನು ಕಲ್ತಿದ್ದು ನಮ್ಮಪ್ಪನ ಆಲೆಮನೇಲಿ."

ಅವರ ಅಪ್ಪ ಕಬ್ಬು ಅರೆದು ಬೆಲ್ಲ ಮಾಡುತ್ತಿದ್ದರಂತೆ. ಅಚ್ಚಿನಿಂದ ಬಿಚ್ಚಿದ ಬೆಲ್ಲವನ್ನು ಈಚಲು ಚಾಪೆಯ ಮೇಲೆ ಆರಲು ಜೋಡಿಸುವುದು ಮಗಳ ಕೆಲಸ. ಜೋಡಿಸುವುದಕ್ಕೆ ಅಪ್ಪನ ಕಟ್ಟಪ್ಪಣೆ ಒಂದಿತ್ತು: ಎಷ್ಟು ಸಾಲೋ, ಸಾಲಿಗೂ ಅಷ್ಟೇ ಅಚ್ಚು. ಐದು ಸಾಲಾದರೆ ಸಾಲಿಗೆ ಐದು, ಹನ್ನೆರಡಾದರೆ ಹನ್ನೆರಡು. ಹಾಗಿದ್ದರೆ ಅಪ್ಪನಿಗೆ ಒಂದು ಸಾಲು ಎಣಿಸಿದರೆ ಸಾಕು, ಒಟ್ಟು ಗೊತ್ತಾಗುತ್ತಿತ್ತು. ಅಕ್ಷರ ಕಲಿಯುವುದಕ್ಕೆ ಮೊದಲೇ ಅಕ್ಕನಿಗೆ ಇಪ್ಪತ್ತರವರೆಗಿನ ವರ್ಗಗಳು ಕಣ್ಣಿಗೆ ಕಟ್ಟಿದ್ದವು. "ಹದಿಮೂರು ಅಂದ್ರೆ ಹದಿಮೂರರ ಚಾಪೆ ಕಾಣ್ತದೆ. ನೂರ ಅರವತ್ತೊಂಬತ್ತು ಅಂತ ಬಾಯಿಗೆ ಬರೋದು ಆಮೇಲೆ" ಎನ್ನುತ್ತಿದ್ದರು.

ಹೀಗೆ ಅವರ ಜೊತೆ ನಾಲ್ಕೈದು ವರ್ಷ ಇದ್ದೆ. ಅಮ್ಮನ ಮನೆಯಲ್ಲೂ ನಾನು ಅಷ್ಟು ನಿಶ್ಚಿಂತೆಯಿಂದ ಇದ್ದವಳಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಹತ್ತನೇ ಕ್ಲಾಸಿನ ಮಕ್ಕಳು ಏಳರ ಮಗ್ಗಿ ಹೇಳುತ್ತಿದ್ದರು. ಸಾಲು ಸಾಲಾಗಿ ಬರುತ್ತಿದ್ದ ದನಿ ಏಳೇಳ್ಲದ ಹತ್ತಿರ ಚೆದುರಿತು. ಆಮೇಲೆ ಸದ್ದೇ ಇಲ್ಲ. ಅಕ್ಕನ ತರಗತಿಯಲ್ಲಿ ಅಂಥ ಮೌನ ಇರುತ್ತಿರಲಿಲ್ಲ. ನಾನು ಪುಸ್ತಕ ಮಡಚಿಟ್ಟು ಆಚೆ ಹೋಗುವಷ್ಟರಲ್ಲಿ ಒಬ್ಬ ಹುಡುಗಿ ಓಡಿ ಬಂದು, "ಮೇಡಮ್ಮು ಕೂತ್ಬುಟ್ಟವ್ರೆ ಟೀಚರ್" ಎಂದಳು. ಅಕ್ಕ ಬೋರ್ಡಿನ ಕೆಳಗೆ ನೆಲದ ಮೇಲೆ ಕೂತಿದ್ದರು. ಬಾಯಿಯ ಬಲಗಡೆ ಜೋಲಿತ್ತು. ಬಲಗೈ ತಮ್ಮದಲ್ಲವೆಂಬಂತೆ ಮಡಿಲಲ್ಲಿ ಬಿದ್ದಿತ್ತು. ಎಡಗೈಯಿಂದ ಸೆರಗು ಸರಿಮಾಡಿಕೊಳ್ಳಲು ನೋಡುತ್ತಿದ್ದರು.

ಬಾಡಿಗೆ ಕಾರಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಲೆ ನನ್ನ ತೊಡೆಯ ಮೇಲಿತ್ತು. ಶ್ರೀರಂಗಪಟ್ಟಣದ ಹತ್ತಿರ ಲಾರಿಗಳು ಅಡ್ಡ ನಿಂತು ಕಾರು ಸೇತುವೆಯ ಮೇಲೆ ಬಹಳ ಹೊತ್ತು ನಿಂತಿತು. ಕೆಳಗೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಕ್ಕ ಏನೋ ಹೇಳಲು ಹೆಣಗುತ್ತಿದ್ದರು. ಬಾಯಿಗೆ ಕಿವಿಯಿಟ್ಟೆ. "ಪಾಠ... ಅರ್ಧ" ಎಂದರು. "ಆಮೇಲೆ ಮಾಡೋರಂತೆ ಅಕ್ಕ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಜೀವ ಉಳಿಯಿತು. ಮೆದುಳಿನ ಒಂದು ಕಡೆಗೆ ಹೋಗುವ ರಕ್ತ ನಿಂತಿತ್ತಂತೆ. ತಿಂಗಳು ಕಳೆಯುವುದರಲ್ಲಿ ಮಾತು ಬಂತು, ನಿಧಾನವಾಗಿ ಆದರೂ ಸ್ಪಷ್ಟವಾಗಿ. ಕಾಲು ಎಳೆದುಕೊಂಡು ನಡೆದಾಡಿದರು. ಕೈಯಲ್ಲಿ ಲೋಟ ನಿಂತಿತು. ಮನೆಗೆ ಕರೆತಂದ ದಿನ ಅವರು ಸೀಮೆಸುಣ್ಣದ ತುಂಡೊಂದನ್ನು ಕೇಳಿ ಈಸಿಕೊಂಡು, ನೆಲದ ಮೇಲೆ ಅಂಕೆಗಳನ್ನು ಬರೆದು ನೋಡಿದರು. ಸೊಟ್ಟಗಿದ್ದವು, ಆದರೆ ಅಂಕೆಗಳೇ. ನಾವಿಬ್ಬರೂ ಆ ದಿನ ಸಂತೋಷವಾಗಿದ್ದೆವು.

ಎರಡು ಮೂರು ದಿನ ಕಳೆದಿರಬೇಕು. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅವರು ಮೆಲ್ಲಗೆ ಮಗ್ಗಿ ಹೇಳಿಕೊಳ್ಳುತ್ತಿರುವುದು ಕೇಳಿಸಿತು. ಎರಡರ ಮಗ್ಗಿ ಆಯಿತು. ಮೂರರದ್ದು ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿಂದ ಶುರು ಮಾಡಿದರು. ಅಲ್ಲೇ ನಿಂತಿತು.

"ಹೋಗ್ಬುಟ್ಟವೆ ಕಣಮ್ಮಿ" ಎಂದರು.

"ಏನು ಅಕ್ಕ?"

"ಮಗ್ಗಿ. ಕೂಡೋದು ಬತ್ತದೆ, ಕಳೆಯೋದು ಬತ್ತದೆ. ಅರ್ಧ ಮಾಡೋದು ಬತ್ತದೆ. ಏಳೆಂಟ್ಲ ಅಂದ್ರೆ ಏನು ಅನ್ನೋದೂ ಗೊತ್ತು. ಎಷ್ಟು ಅಂತ ಬರಲ್ಲ. ಅಲ್ಲಿ ಏನೂ ಇಲ್ಲ."

ಡಾಕ್ಟರನ್ನು ಕೇಳಿದೆವು. ಹೀಗಾಗುವುದುಂಟು, ಒಂದು ಗೂಡು ಮಾತ್ರ ಖಾಲಿಯಾಗಿ ಉಳಿದವು ಹಾಗೇ ಇರುವುದುಂಟು, ತಿರುಗಿ ಬಂದರೆ ಬಂತು ಎಂದರು. ಅಕ್ಕ ಹಟ ಹಿಡಿದರು. ಒಂದನೇ ಕ್ಲಾಸಿನ ಮಗುವಿನ ಹಾಗೆ ನನ್ನಿಂದ ಮಗ್ಗಿ ಹೇಳಿಸಿಕೊಂಡು ತಿರುಗಿ ಒಪ್ಪಿಸುವರು. ಬೆಳಿಗ್ಗೆ ಬಂದದ್ದು ಸಂಜೆಗೆ ಇರುತ್ತಿರಲಿಲ್ಲ. "ಜರಡೀಲಿ ನೀರು ಉಯ್ದಂಗೆ ಆಯ್ತದೆ" ಎಂದು ಒಂದು ಸಲ ನಗಲು ನೋಡಿದರು.

ಒಂದು ದಿನ ಸ್ಕೂಲಿನಿಂದ ಬಂದಾಗ ಅವರು ನಡುಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಸೀರೆ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಯಾಕಕ್ಕ ನಿಂತಿದ್ದೀರಿ?"

"ಆರರ ಮಗ್ಗಿ ಬರೋಗಂಟ ಕೂರಲ್ಲ ಅಂದ್ಕೊಂಡೆ."

"ಯಾವಾಗಿಂದ?"

ಒಲೆಯ ಮೇಲೆ ನಾನು ಮುಚ್ಚಿಟ್ಟು ಹೋಗಿದ್ದ ಅನ್ನ ಹಾಗೇ ಇತ್ತು. ನಾನು ತೋಳು ಹಿಡಿದು ಕೂರಿಸಿದೆ. ಕೂತವರು ನನ್ನ ಹೆಗಲಿಗೆ ತಲೆ ಕೊಟ್ಟು ಅತ್ತರು. ಅವರು ಅತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಎಷ್ಟು ಮಕ್ಕಳನ್ನ ಇಂಗೆ ನಿಲ್ಸಿದ್ದೀನಿ ನಾನು. ಸೋಮಾರಿಗಳು ಅಂದ್ಕೊಂಡಿದ್ದೆ. ಅವ್ಕೂ ಇಂಗೇ ಏನೂ ಕಾಣ್ತಿರ್ಲಿಲ್ವೇನೋ. ಎಲ್ಲೋ ಒಂದು ಮಗೂಗಾದ್ರೂ ಇಂಗಿತ್ತೇನೋ."

ದಸರಾ ಮುಗಿಯುತ್ತಲೇ ಊರಿನಿಂದ ಅವರ ಅಣ್ಣ ಬಂದರು. ತೆಳ್ಳಗೆ, ಎತ್ತರಕ್ಕೆ, ಹೆಗಲ ಮೇಲೊಂದು ಟವೆಲ್ಲು. ತಂಗಿಯ ಎದುರು ಕೂತು ಬಹಳ ಹೊತ್ತು ಅವರ ಬಲಗೈಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ದುಡ್ದಿದ್ದು ಸಾಕು ಬುಡವ್ವ. ಅಲ್ಲಿ ನಿನ್ನ ಅತ್ತಿಗೆ ಅವ್ಳೆ, ಹೊಳೆ ಅದೆ, ಗಾಳಿ ಅದೆ. ನೀನೇನು ನಂಗೆ ಭಾರವಾ?"

"ಭಾರ ಅಂತಲ್ಲ ಕಣಣ್ಣ."

"ಮತ್ತೇನು?"

"ಅಲ್ಲಿ ನಾನು ಯಾರು?"

ಅಣ್ಣನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ನನ್ನ ತಂಗಿ" ಎಂದರು. ಮಾರನೆಯ ದಿನ ಅಕ್ಕ ಅಣ್ಣನ ಜೊತೆ ಕೆ.ಆರ್.ಪೇಟೆ ಬಸ್ಸು ಹತ್ತಿದರು. ಬೀಗದ ಕೈಯನ್ನು ನನ್ನ ಕೈಗಿಟ್ಟು, "ಹತ್ತನೇ ಕ್ಲಾಸಿನೋರಿಗೆ ಯಾರಾದ್ರೂ ಲೆಕ್ಕ ಮಾಡ್ತಾವ್ರಾ ನೋಡ್ಕೋ" ಎಂದರು. ಯಾರೂ ಮಾಡುತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರು ಬಿಡುವಿದ್ದಾಗ ಹೋಗಿ ಕೂತು ಬರುತ್ತಿದ್ದರು.

ದೀಪಾವಳಿಯ ರಜೆಯಲ್ಲಿ ನಾನು ಅವರನ್ನು ನೋಡಲು ಹೋದೆ. ಮನೆಯಲ್ಲಿ ಅತ್ತಿಗೆ, "ಆಲೆಮನೆ ತಾವು ಅವ್ರೆ, ಬೆಳಿಗ್ಗೆಯಿಂದ ಅಲ್ಲೇ" ಎಂದರು. ಗದ್ದೆಯ ಬದುವಿನ ಮೇಲೆ ನಡೆದು ಹೋದೆ. ದೂರದಿಂದಲೇ ಪಾಕದ ವಾಸನೆ ಬರುತ್ತಿತ್ತು. ಅಕ್ಕ ಚಾಪೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಎಡಗೈಯಲ್ಲಿ ಒಂದೊಂದೇ ಬೆಲ್ಲದಚ್ಚು ಜೋಡಿಸುತ್ತಿದ್ದರು. ನನ್ನನ್ನು ನೋಡಿದವರು ಎಂದಿನಂತೆ ಊಟವಾಯಿತೇ ಎಂದು ಕೇಳಲಿಲ್ಲ.

"ಒಂದು ಅಂಕಿ ಯೋಳಮ್ಮಿ, ಇಪ್ಪತ್ತರ ಒಳಗೆ."

"ಹದಿನೈದು."

"ವರ್ಗ ಇನ್ನೂರ ಇಪ್ಪತ್ತೈದು. ಇನ್ನೊಂದು."

"ಹದಿನೆಂಟು."

"ಮುನ್ನೂರ ಇಪ್ಪತ್ನಾಲ್ಕು. ಇವು ಹೋಗಿಲ್ಲ ಕಣಮ್ಮಿ. ಇವು ಇಲ್ಲೇ ಅವೆ." ಅವರು ಚಾಪೆಯ ಮೇಲೆ ಕೈಯಾಡಿಸಿದರು. "ಮಗ್ಗಿ ಬಾಯಲ್ಲಿತ್ತು, ಹೋಯ್ತು. ಇವು ಕಣ್ಣಲ್ಲವೆ."

ಆಮೇಲೆ ಅವರು ನನಗೆ ವಿವರಿಸಿದ್ದನ್ನು, ಲೆಕ್ಕಕ್ಕೆ ಹೆದರುವ ನಾನು ಇವತ್ತಿಗೂ ಮರೆತಿಲ್ಲ. ಎರಡು ಸಂಖ್ಯೆಗಳನ್ನು ಗುಣಿಸಬೇಕು ಎಂದುಕೊಳ್ಳಿ, ಏಳು ಮತ್ತು ಎಂಟು. ಅವನ್ನು ಕೂಡಿದರೆ ಹದಿನೈದು, ಕಳೆದರೆ ಒಂದು. ಹದಿನೈದರ ವರ್ಗದ ಕಾಲುಭಾಗದಿಂದ ಒಂದರ ವರ್ಗದ ಕಾಲುಭಾಗವನ್ನು ಕಳೆದರೆ ಗುಣಲಬ್ಧ ಬಂದುಬಿಡುತ್ತದೆ. ಕಾಲುಭಾಗ ಮಾಡುವಾಗ ಉಳಿಯುವ ಚೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೇಡ. ಇನ್ನೂರ ಇಪ್ಪತ್ತೈದನ್ನು ನಾಲ್ಕರಿಂದ ಭಾಗಿಸಿದರೆ, ಅಂದರೆ ಅರ್ಧದ ಅರ್ಧ ಮಾಡಿದರೆ, ಐವತ್ತಾರು, ಉಳಿದ ಒಂದನ್ನು ಬಿಡಬೇಕು. ಒಂದನ್ನು ನಾಲ್ಕರಿಂದ ಭಾಗಿಸಿದರೆ ಸೊನ್ನೆ, ಅಲ್ಲೂ ಉಳಿದ ಒಂದನ್ನು ಬಿಡಬೇಕು. ಐವತ್ತಾರರಲ್ಲಿ ಸೊನ್ನೆ ಹೋದರೆ ಐವತ್ತಾರು.

"ಉಳಿದಿದ್ದನ್ನ ಬಿಟ್ಟುಬಿಟ್ರೆ ತಪ್ಪಾಗಲ್ವಾ ಅಕ್ಕ?" ಎಂದು ಕೇಳಿದೆ.

"ಬುಟ್ರೆ ಎರಡು ಕಡೆಲೂ ಅಷ್ಟಷ್ಟೇ ಬುಡ್ತೀವಿ. ಕೂಡಿದ್ದು ಬೆಸ ಆದ್ರೆ ಕಳೆದಿದ್ದೂ ಬೆಸ. ಸಮ ಆದ್ರೆ ಅದೂ ಸಮ, ಆಗ ಬುಡೋದೇ ಇಲ್ಲ. ಕಳೆಯೋವಾಗ ಸರಿಹೋಯ್ತದೆ."

ಇದು ಹೊಸದೇನಲ್ಲ, ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿರುವ ಸೂತ್ರವೇ ಎಂದರು. "ಇಷ್ಟು ವರ್ಸ ಬೋರ್ಡಿನ ಮೇಲೆ ಬರೆದೆ. ಯಾತಕ್ಕೆ ಬತ್ತದೆ ಅಂತ ಮಕ್ಕಳೂ ಕೇಳ್ಲಿಲ್ಲ, ನಾನೂ ಕೇಳ್ಕೊಳ್ಳಿಲ್ಲ. ಮಗ್ಗಿ ಇತ್ತಲ್ಲ, ಬೇಕಾಗಿರ್ಲಿಲ್ಲ."

ಒಂದರಿಂದ ಶುರುಮಾಡಿ ಪ್ರತಿಯೊಂದರ ವರ್ಗವನ್ನೂ ನಾಲ್ಕರಿಂದ ಭಾಗಿಸಿ ಶೇಷ ಬಿಟ್ಟರೆ ಒಂದು ಸರಣಿ ಬರುತ್ತದೆ. ಸೊನ್ನೆ, ಒಂದು, ಎರಡು, ನಾಲ್ಕು, ಆರು, ಒಂಬತ್ತು, ಹನ್ನೆರಡು, ಹದಿನಾರು, ಇಪ್ಪತ್ತು, ಇಪ್ಪತ್ತೈದು. ಅಕ್ಕ ಇದನ್ನು ಆಲೆಮನೆಯ ಮಣ್ಣಿನ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದರು. "ಎಂಗೆ ಏರ್ತದೆ ನೋಡು. ಒಂದು, ಒಂದು. ಎರಡು, ಎರಡು. ಮೂರು, ಮೂರು. ಒಂದೊಂದನ್ನ ಎರಡೆರಡು ಸಲ ಕೂಡ್ಕೊಂಡು ಹೋದ್ರೆ ಸಾಕು. ವರ್ಗನೂ ಬರ್ದೇ ಇರೋ ಮಗು ಕೂಡ ಕಟ್ಕೋಬೋದು. ಮೆಟ್ಲು ಇದ್ದಂಗೆ ಅದೆ." ಅವರ ಮುಖದ ಮೇಲೆ ಬೆವರಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಕಬ್ಬಿನ ಸಿಪ್ಪೆ ಒಲೆಗೆ ನೂಕುತ್ತಿದ್ದ ಅಣ್ಣ ನಮ್ಮಿಬ್ಬರನ್ನೂ ನೋಡಿ, "ಏನವ್ವ ಅದು?" ಎಂದರು.

"ನನ್ನ ಕೆಲ್ಸ ಕಣಣ್ಣ. ಸಿಕ್ತು" ಎಂದರು ಅಕ್ಕ.

ಅಣ್ಣ ಒಲೆಯ ಕಡೆ ತಿರುಗಿಕೊಂಡರು. ಸಿಪ್ಪೆ ನೂಕುತ್ತಾ, ನಮ್ಮ ಕಡೆ ನೋಡದೆಯೇ, "ಯಾವತ್ತು ಬುಡ್ಬೇಕು ಪಾಂಡುಪುರಕ್ಕೆ?" ಎಂದು ಕೇಳಿದರು.

ಹೆಡ್ಮಾಸ್ಟರು ಕೆಟ್ಟವರಲ್ಲ. ಆದರೆ ಅವರಿಗೆ ಭಯ. "ಪರೀಕ್ಷೆ ಹತ್ತಿರ ಬಂತು ಮೇಡಂ, ನೀವು ವಿಶ್ರಾಂತಿ ತಗೊಳ್ಳಿ. ತರಗತೀಲಿ ಏನಾದ್ರೂ ಆದ್ರೆ ಮಕ್ಕಳು ಹೆದರ್ತಾರೆ" ಎಂದರು. ಅಕ್ಕ ಒಂದೇ ಒಂದು ಪೀರಿಯಡ್ಡು ಕೇಳಿದರು, ನೀವೇ ಹಿಂದೆ ಕೂತು ನೋಡಿ ಎಂದರು. ನನಗೂ ಹಿಂದಿನ ಬೆಂಚಿನಲ್ಲಿ ಜಾಗ ಸಿಕ್ಕಿತು.

ಅಕ್ಕ ಕಾಲೆಳೆದುಕೊಂಡು ಒಳಗೆ ಬಂದಾಗ ಮಕ್ಕಳು ಎದ್ದು ನಿಂತರು. ರೂಢಿಯಂತೆ ಒಬ್ಬ ಹುಡುಗ ಮಗ್ಗಿ ಶುರುಮಾಡಿದ. ಅಕ್ಕ ಕೈಯೆತ್ತಿ ತಡೆದರು.

"ಕೂತ್ಕೊಳಿ. ನಂಗೆ ಮಗ್ಗಿ ಮರೆತೋಗಿದೆ. ಒಂದೂ ಬರಲ್ಲ."

ಯಾರೂ ನಗಲಿಲ್ಲ. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಷ್ಟು ದಿನ ಮಗ್ಗಿ ಬರ್ದೇ ಇದ್ದೋರನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಅದು ತಪ್ಪು. ಇನ್ಮೇಲೆ ಯಾರೂ ನಿಲ್ಲೋದು ಬೇಡ. ಮಗ್ಗಿ ಮರೆತೋರಿಗೆ ಇನ್ನೊಂದು ದಾರಿ ಅದೆ, ಅದನ್ನ ತೋರಿಸ್ತೀನಿ."

ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಆ ಸರಣಿಯನ್ನು ಬರೆದರು. ಅಂಕೆಗಳು ದೊಡ್ಡದಾಗಿ, ವಾಲಿಕೊಂಡು ಬಂದವು. ಒಂದೊಂದೇ ಲೆಕ್ಕ ಮಾಡಿ ತೋರಿಸಿದರು. ಮಾತು ನಿಧಾನವಾಗಿತ್ತು, ಅದರಿಂದ ಮಕ್ಕಳಿಗೆ ಅನುಕೂಲವೇ ಆಯಿತೇನೋ, ಎಲ್ಲರೂ ಜೊತೆಯಲ್ಲೇ ಬಂದರು. ನಡುವೆ ಹೆಡ್ಮಾಸ್ಟರು ಹಿಂದಿನಿಂದ ಕೇಳಿದರು. ಪರೀಕ್ಷಿಸಬೇಕೆಂದೋ, ಕುತೂಹಲಕ್ಕೋ, ನನಗೆ ಗೊತ್ತಿಲ್ಲ.

"ಹದಿನೇಳು ಇಪ್ಪತ್ಮೂರ್ಲ ಎಷ್ಟಾಗುತ್ತೆ ಮೇಡಂ?"

ಅಕ್ಕ ಕ್ಷಣ ಹೊತ್ತು ಕಣ್ಣು ಮುಚ್ಚಿದರು.

"ಕೂಡಿದ್ರೆ ನಲವತ್ತು, ಅದರದ್ದು ನಾನೂರು. ಕಳೆದ್ರೆ ಆರು, ಅದರದ್ದು ಒಂಬತ್ತು. ಮುನ್ನೂರ ತೊಂಬತ್ತೊಂದು ಸಾರ್."

ಹೆಡ್ಮಾಸ್ಟರು ಮಡಿಲಲ್ಲಿದ್ದ ಹಾಳೆಯ ಮೇಲೆ ಗುಣಿಸಿ ನೋಡಿ, ತಲೆಯಾಡಿಸಿದರು. ಗಂಟೆ ಹೊಡೆದ ಮೇಲೆ ಅಕ್ಕನ ಹತ್ತಿರ ಹೋಗಿ, "ಪರೀಕ್ಷೆ ಮುಗಿಯೋವರೆಗೂ ನೀವೇ ತಗೊಳ್ಳಿ" ಎಂದರು. ಇಷ್ಟಾದರೂ ಅಕ್ಕ ಹಿಗ್ಗಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಮಲಗಿದವರು ಸಂಜೆಯವರೆಗೂ ಏಳಲಿಲ್ಲ. ಮಗ್ಗಿ ನಾಲಿಗೆಯ ತುದಿಯಲ್ಲಿದ್ದಾಗ ಬಿಟ್ಟಿ ಸಿಗುತ್ತಿದ್ದ ಒಂದೊಂದು ಉತ್ತರಕ್ಕೂ ಈಗ ಅವರು ಮೈಯೆಲ್ಲ ದುಡಿಯಬೇಕಾಗಿತ್ತು.

ಆ ಚಳಿಗಾಲವೆಲ್ಲ ಅವರು ಪಾಠ ಮಾಡಿದರು. ಹಿಂದಿನ ಬೆಂಚಿನ ಕೆಲವು ಮಕ್ಕಳು, ಮಗ್ಗಿಗೆ ಹೆದರಿ ಲೆಕ್ಕದ ಪೀರಿಯಡ್ಡಿಗೆ ಚಕ್ಕರ್ ಹೊಡೆಯುತ್ತಿದ್ದವರು, ಮುಂದೆ ಬಂದು ಕೂತರು. ತಮ್ಮ ಹಾಗೆಯೇ ಮೇಡಮ್ಮಿಗೂ ಬರುವುದಿಲ್ಲ ಎಂಬುದು ಅವರಿಗೆ ದೊಡ್ಡ ಧೈರ್ಯವಾಗಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ನಿಮಗೆ ಒಂದು ಥರ ಒಳ್ಳೇದೇ ಆಯ್ತು ಬಿಡಿ ಮೇಡಂ" ಎಂದರು. ಅಕ್ಕ ನಿಷ್ಠುರವಾಗಿ, "ಒಳ್ಳೇದಾಗ್ಲಿಲ್ಲ ಸಾರ್. ಕಳ್ಕೊಂಡೆ. ಕಳ್ಕೊಂಡಿದ್ದನ್ನ ಒಳ್ಳೇದು ಅನ್ನಬೇಡಿ" ಎಂದರು.

ಅವರ ಭಯ ನನಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಮೇಲೇಳುವ ಮುಂಚೆ, ಅವರು ಸರಣಿಯನ್ನು ಹೇಳಿಕೊಳ್ಳುತ್ತಿದ್ದರು. ನಲವತ್ತೆರಡು, ನಲವತ್ತೊಂಬತ್ತು, ಐವತ್ತಾರು, ಅರವತ್ನಾಲ್ಕು. ಕೊನೆಯವರೆಗೂ ಬಂದರೆ ಒಂದು ನಿಟ್ಟುಸಿರು ಕೇಳಿಸುತ್ತಿತ್ತು, ಆಮೇಲೆ ಚಾಪೆ ಸುತ್ತುವ ಸದ್ದು. ಯಾವತ್ತಾದರೂ ನಡುವೆ ತಡವರಿಸಿದರೆ ನಾನು ಒಳಕೋಣೆಯಲ್ಲಿ ಮಲಗಿದ್ದಲ್ಲೇ ಮೈ ಬಿಗಿಹಿಡಿದು ಕಾಯುತ್ತಿದ್ದೆ. ಹೇಳಿಕೊಡಲು ಬಾಯಿಗೆ ಬರುತ್ತಿತ್ತು. ಹೇಳಿಕೊಡಬಾರದೆಂದು ಅವರು ತಾಕೀತು ಮಾಡಿದ್ದರು. "ನೀನು ಯೋಳಿದ್ರೆ ಅದು ನನ್ನದಲ್ಲ. ಹೋಗಿದ್ರೆ ಹೋಗಿದೆ ಅಂತ ನಂಗೆ ಗೊತ್ತಾಗ್ಬೇಕು."

ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಗೆ ಅವರು ಊರಿಗೆ ಹೋದರು. ಬಸ್ಸು ಹತ್ತಿಸುವಾಗ, "ರಿಸಲ್ಟು ಬಂದ ದಿವ್ಸ ಬಾ. ನಂಗೆ ಪೇಪರ್ ಸಿಗಲ್ಲ ಅಲ್ಲಿ" ಎಂದರು. ಮೇ ತಿಂಗಳ ನಡುವೆ ಅಣ್ಣ ಎಸ್‌ಟಿಡಿ ಬೂತಿನಿಂದ ಸ್ಕೂಲಿಗೆ ಫೋನು ಮಾಡಿ, ನನಗೆ ತಿಳಿಸಲು ಹೇಳಿದ್ದರು. ಎರಡನೇ ಸಲ ಲಕ್ವ ಹೊಡೆದಿತ್ತು. ರಜೆಗೆ ನಾಗಮಂಗಲದಲ್ಲಿದ್ದ ನನಗೆ ಅದು ತಿಳಿದದ್ದು ರಿಸಲ್ಟು ನೋಡಲು ಸ್ಕೂಲಿಗೆ ಬಂದ ದಿನವೇ.

ಅಕ್ಕ ತೀರಿಕೊಂಡದ್ದು ಮುಂಗಾರು ಹಿಡಿದ ಮೊದಲ ವಾರದಲ್ಲಿ, ಅಣ್ಣನ ಮನೆಯ ನಡುಮನೆಯಲ್ಲಿ. ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಪಾಂಡವಪುರದಿಂದ ಒಂದು ಬಸ್ಸಿನ ತುಂಬ ಮಕ್ಕಳು ಬಂದಿದ್ದರು. ಮಳೆಯಲ್ಲಿ ನಿಂತು ಅವರು ಅಳುತ್ತಿದ್ದುದನ್ನು ನೋಡಿ ಊರಿನವರು ತಮ್ಮ ಮನೆ ಮಗಳು ಯಾರಾಗಿದ್ದಳೆಂದು ಅವತ್ತು ತಿಳಿದುಕೊಂಡರು. ಅಣ್ಣನಂತೂ ಒಂದೊಂದು ಮಗುವಿನ ಹತ್ತಿರವೂ ಹೋಗಿ, "ನಿಂಗೂ ಕಲ್ಸಿದ್ಲಾ ಕೂಸು?" ಎಂದು ಕೇಳುತ್ತಿದ್ದರು.

ನಾನು ಇವತ್ತು ನಿವೃತ್ತಳಾಗಿ ನಾಗಮಂಗಲದಲ್ಲಿದ್ದೇನೆ. ನನ್ನ ತರಗತಿಗಳಲ್ಲಿ ಪದ್ಯ ಬಾರದ ಮಗುವನ್ನು ನಾನು ಎಂದೂ ನಿಲ್ಲಿಸಲಿಲ್ಲ. ಆ ಮಗುವಿಗೆ ಏನು ಕಾಣುತ್ತಿಲ್ಲ, ಏನು ಕಾಣುತ್ತಿದೆ ಎಂದು ಹುಡುಕುತ್ತಿದ್ದೆ. ಅಷ್ಟನ್ನು ಅಕ್ಕನಿಂದ ಪಡೆದೆ. ಆದರೆ ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಬೋರ್ಡಿನ ಮುಂದಿನ ಅಕ್ಕನಲ್ಲ, ಕೊನೆಯ ಸಲ ಕಂಡ ಅಕ್ಕ.

ಅವರು ಹೋಗುವುದಕ್ಕೆ ಕೆಲವು ದಿನ ಮುಂಚೆ ರಿಸಲ್ಟು ಬಂದಿತ್ತು. ಮಾತು ಕೊಟ್ಟಂತೆ ಅವತ್ತೇ ಹೊರಟೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ನನ್ನನ್ನು ಗುರುತು ಹಿಡಿದರು, ಬಾಯಿ ಅಲುಗಿತು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು ಹೇಳಿದೆ.

"ಅಕ್ಕ, ರಿಸಲ್ಟು ಬಂತು. ಲೆಕ್ಕದಲ್ಲಿ ಮೂವತ್ತೆಂಟು ಮಕ್ಕಳು ಪಾಸು."

ಅವರು ನನ್ನನ್ನೇ ನೋಡಿದರು. ಹಣೆ ಗಂಟಿಕ್ಕಿತು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

"ಅಂಗಂದ್ರೆ?" ಎಂದರು, ಬಹಳ ಕಷ್ಟಪಟ್ಟು.

"ಮೂವತ್ತೆಂಟು ಅಕ್ಕ. ಮೂವತ್ತೆಂಟು ಜನ."

"ಅಂಗಂದ್ರೆ... ಎಷ್ಟು?"

ನನಗೆ ಆಗ ತಿಳಿಯಿತು. ಚಾಪೆಗಳೂ ಹೋಗಿದ್ದವು, ಮೆಟ್ಟಿಲೂ ಹೋಗಿತ್ತು. ಅಂಕೆ ಎಂಬುದೇ ಅವರಿಂದ ಹೊರಟುಹೋಗಿತ್ತು. ಕಂಬಕ್ಕೆ ಒರಗಿ ನಿಂತಿದ್ದ ಅಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಅಕ್ಕ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು, ಉತ್ತರಕ್ಕಾಗಿ.

ನಾನು ಅವರ ಕಿವಿಯ ಹತ್ತಿರ ಬಗ್ಗಿ, ಪಾಸಾದ ಮಕ್ಕಳ ಹೆಸರು ಹೇಳತೊಡಗಿದೆ. ಮೊದಲನೇ ಬೆಂಚಿನಿಂದ, ಅವರು ಕೂರುತ್ತಿದ್ದ ಕ್ರಮದಲ್ಲಿ. ಸವಿತಾ. ಪುಟ್ಟಲಕ್ಷ್ಮಿ. ಮಂಜುಳಾ. ಒಂದೊಂದು ಹೆಸರಿಗೂ ಅಕ್ಕನ ತಲೆ ಒಂದಿಷ್ಟು ಆಡುತ್ತಿತ್ತು. ಹಣೆಯ ಗಂಟು ಮೆಲ್ಲಗೆ ಬಿಚ್ಚಿತು. ಹಿಂದಿನ ಬೆಂಚುಗಳಿಗೆ ಬರುವ ಹೊತ್ತಿಗೆ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಕೊನೆಯ ಹೆಸರು ಹೇಳಿ ನಿಲ್ಲಿಸಿದೆ. ಅವರು ನನ್ನ ಕೈಯನ್ನು ಸಣ್ಣಗೆ ಒತ್ತಿದರು, ಮತ್ತೆ ಎಂಬಂತೆ.

ನಾನು ಮೊದಲಿಂದ ಹೇಳಿದೆ.